ಒಂಬೈನೂರ ತೊಂಬತ್ತೆಂಟನೇ ದಿನ

ಫೆಬ್ರುವರಿ ಹನ್ನೊಂದು, ಮಂಗಳವಾರ. ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಕರೆವ್ವ ಶಿಗ್ಗಾವಿ ಠಾಣೆಯ ಮೆಟ್ಟಿಲೇರಿದಳು. ಹುಬ್ಬಳ್ಳಿಯ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು. ಪಿಎಸ್ಐ ವೃಂದಾ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ಗಂಡ ಬೈಕಿನಿಂದ ಬಿದ್ದಾನಂತ ಕಾರ್ಖಾನಿಯವ್ರು ಆಸ್ಪತ್ರಿ ಚೀಟಿಯಾಗ ಬರಸ್ಯಾರ್ರಿ. ಅಂವಗ ಸೈಕಲ್ಲೂ ಬರಂಗಿಲ್ಲ! ಮದಿವ್ಯಾಗ ಕುದರಿ ಮ್ಯಾಲ ಕುಂದ್ರಸಾಕ ನಾಕ್ ಮಂದಿ ಹಿಡದಿದ್ರು."

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಇನಾಯತ ನಗು ಮುಚ್ಚಿಕೊಳ್ಳಲು ಕೆಮ್ಮಿದ.

ಅವಳ ಗಂಡ ನೀಲಪ್ಪ ಬಂಕಾಪುರ ರಸ್ತೆಯ ಟ್ರೇಲರ್ ತಯಾರಿಸುವ ಕಾರ್ಖಾನೆಯ ಕೆಲಸಗಾರ. ಸೋಮವಾರ ಮಧ್ಯಾಹ್ನ ಮೂರೂವರೆಗೆ ಅವನ ಎಡಗಾಲು ಮುರಿದು, ತಲೆಗೆ ಪೆಟ್ಟಾಗಿತ್ತು. ಶಸ್ತ್ರಚಿಕಿತ್ಸೆ ಆಗಿದ್ದರೂ ಮಾತು ಬಂದಿರಲಿಲ್ಲ. ಎಫ್ಐಆರ್ ದಾಖಲಾಯಿತು.

ಹನ್ನೆರಡಕ್ಕೆ ಜೀಪು ಕಾರ್ಖಾನೆ ತಲುಪಿತು. ಸೂಪರ್‌ವೈಸರ್ ಕರಬಸಪ್ಪ ಮೊದಲು ಚಹಾ ತರಿಸಿದ.

"ಬೈಕು ಯಾರದು?" ವೃಂದಾ ಕೇಳಿದಳು.

"ನಂದರೀ ಮೇಡಂ. ಕಲೀತೇನಿ ಅಂತ ಒಯ್ದಿದ್ದ."

"ಎಲ್ಲೆ ಬಿದ್ದ?"

"ಗೇಟಿನ ಮುಂದ."

ಬೈಕು ಬೇವಿನ ಮರದಡಿ ನಿಂತಿತ್ತು. ಒಂದು ಗೀರಿಲ್ಲ. ಹ್ಯಾಂಡಲ್ಲಿಗೆ ಕಟ್ಟಿದ್ದ ನಿಂಬೆಹಣ್ಣೂ ಜಜ್ಜಿರಲಿಲ್ಲ.

ಇನಾಯತ ಒಳಗೆ ಟ್ರೇಲರ್ ಎತ್ತುವ ಯಂತ್ರದ ಕೆಳಗೆ ಕತ್ತೆತ್ತಿ ನಿಂತಿದ್ದ. ಪೊಲೀಸಾಗುವ ಮೊದಲು ಅವನು ಗ್ಯಾರೇಜಿನಲ್ಲಿ ದುಡಿದವನು.

"ಮೇಡಂ, ಯಂತ್ರಕ್ಕ ಹತ್ತ್ ವರ್ಷ ವಯಸ್ಸು. ಸರಪಳಿ ನಿನ್ನೆ ಹುಟ್ಟೈತಿ."

ಹಳೆಯ ಸರಪಳಿ ಹಿತ್ತಲಿನ ಗುಜರಿ ರಾಶಿಯಡಿ ಸಿಕ್ಕಿತು. ಒಂದು ಕೊಂಡಿ ಹಿಗ್ಗಿ ಬಾಯ್ತೆರೆದಿತ್ತು. ಒಂದೂ ಹತ್ತಕ್ಕೆ ಇಬ್ಬರು ಪಂಚರ ಎದುರು ಪಂಚನಾಮೆ ನಡೆದು, ಸರಪಳಿಗೆ ಮೊಹರು ಬಿತ್ತು. ಗೋಡೆಯ ಕರಿಹಲಗೆಯಲ್ಲಿ ಸೀಮೆಸುಣ್ಣದ ಬರಹವಿತ್ತು: "ಅಪಘಾತವಿಲ್ಲದ ದಿನಗಳು: 998." ಬೆಳಗ್ಗೆಯಷ್ಟೇ ಬರೆದದ್ದು.

ವೃಂದಾ ವೆಲ್ಡರ್ ಮುಸ್ತಾಕನನ್ನು ಹೊರಗೆ ಕರೆದಳು.

"ನಿನ್ನೆ ಮೂರೂವರಿಗೆ ಎಲ್ಲಿದ್ರಿ?"

"ಅಲ್ಲೇ ಇದ್ದೆರಿ." ಅವನು ನೆಲ ನೋಡಿದ. "ಕೊಂಡಿ ಹಿಗ್ಗೈತಿ, ಕೆಲಸ ನಿಲ್ಲಸ್ರಿ ಅಂತ ಮೂರ್ ದಿನದಿಂದ ಹೇಳಾಕತ್ತಿದ್ದೆ. ಹೊಸಾ ಸರಪಳಿ ಸ್ಟೋರಿನ್ಯಾಗ ಇತ್ತು, ಹಾಕ್ಲಿಲ್ಲ. ಕಡೀಕ ಟ್ರೇಲರ್ ಕಾಲ ಮ್ಯಾಲ ಬಿತ್ತು. ನಾವ ನೀಲಪ್ಪನ್ನ ಎತ್ತಿ ಗೇಟಿನ ಹೊರಗ ಮಲಗಿಸಿದ್ವಿ."

"ಯಾರ ಹೇಳಿದ್ರು?"

"ಕರಬಸಪ್ಪನೋರು."

ಬುಧವಾರ ಬೆಳಗ್ಗೆ ಒಂಬತ್ತೂವರೆಗೆ ನೀಲಪ್ಪನಿಗೆ ಮಾತು ಬಂತು. ಅವನ ಹೇಳಿಕೆ ಚಿಕ್ಕದಿತ್ತು: "ಸರಪಳಿ ಸಿಗಸಿದ್ದು ನೆನಪೈತ್ರಿ. ಕಣ್ ಬಿಟ್ಟಿದ್ದು ಇಲ್ಲೆ. ನಡುವ ಬೈಕ್ ಯಾವಾಗ ಕಲ್ತೆ ಅನ್ನೂದು ನಂಗೂ ತಿಳೀವಲ್ದು." ಕರೆವ್ವ ಎರಡು ದಿನಗಳಲ್ಲಿ ಮೊದಲ ಸಲ ಗಟ್ಟಿಯಾಗಿ ನಕ್ಕಳು. ನರ್ಸ್ ಬಂದು ಗದರಿಸಬೇಕಾಯಿತು.

ಮಧ್ಯಾಹ್ನ ಎರಡಕ್ಕೆ ಕರಬಸಪ್ಪನ ಬಂಧನವಾಯಿತು. ನಿರ್ಲಕ್ಷ್ಯದಿಂದ ತೀವ್ರ ಗಾಯ, ಸಾಕ್ಷ್ಯನಾಶ. ಮಾಲೀಕರಿಗೂ ನೋಟಿಸ್ ಹೋಯಿತು.

ಠಾಣೆಯಲ್ಲಿ ಕರಬಸಪ್ಪ ಎಡಗೈಯನ್ನು ಮೇಜಿನ ಮೇಲಿಟ್ಟ. ಎರಡು ಬೆರಳಿರಲಿಲ್ಲ.

"ಇಪ್ಪತ್ತೆರಡನೇ ವಯಸ್ಸಿನ್ಯಾಗ ಪ್ರೆಸ್ಸಿಗೆ ಸಿಕ್ಕು ಹೋದ್ವುರಿ. ನನ್ನ ಕೈಕೆಳಗ ಯಾರಿಗೂ ಹಂಗಾಗಬಾರ್ದು ಅಂತ ಆ ಹಲಗಿ ನಾನ ಹಾಕಿಸಿದ್ದೆ. ದಿನಾ ನಾನ ಬರೀತಿದ್ದೆ. ಸಾವಿರ ಆದ್ರ ಎಲ್ಲಾರಿಗೂ ಸಿಹಿ ಹಂಚಾಂವಿದ್ದೆ." ತಡೆದು ಹೇಳಿದ, "ಇಷ್ಟ್ ದಿನ ಏನೂ ಆಗಿಲ್ಲ, ಇನ್ನೇನಾಕ್ಕೈತಿ ಅನಿಸಿಬಿಡ್ತು. ಆದಮ್ಯಾಗ, ಅಳಸಾಕ ಕೈ ಬರಲಿಲ್ಲ."

ಮನುಷ್ಯರನ್ನು ಕಾಯಲು ಹೊರಟವನು ಯಾವಾಗ ಎಣಿಕೆಯನ್ನು ಕಾಯತೊಡಗಿದ ಎಂಬುದು ಅವನಿಗೇ ಗೊತ್ತಾಗಿರಲಿಲ್ಲ. ವೃಂದಾ ಪೆನ್ನು ಕೆಳಗಿಟ್ಟಳು.

"ಮೇಡಂ, ನೀಲಪ್ಪನ ಕಾಲು ಉಳಿತೈತೇನ್ರಿ?"

"ಉಳೀತದ. ಮೂರ್ ತಿಂಗಳಿಗೆ ನಡೀತಾನಂತ."

ಬಂಧಿಸುವಾಗಲೂ ಅಲುಗದಿದ್ದ ಕರಬಸಪ್ಪ ಆಗ ಮುಖ ಮುಚ್ಚಿಕೊಂಡು ಅತ್ತ.