ಎಡಗಾಲಿನ ಚಪ್ಪಲಿ

ಕಳೆದ ಮಳೆಗಾಲ ಮುಗಿದಾಗ ನೀರು ಬಸಿಯದೆಯೇ ನೀರೆತ್ತುವ ಪಂಪನ್ನು ಶೆಡ್ಡಿಗೆ ತಳ್ಳಿಬಿಟ್ಟೆನೇ? ಇಲ್ಲವಲ್ಲ, ತಳದ ಬಿರಡೆ ಬಿಚ್ಚಿ ಕೊನೆಯ ಹನಿ ಇಳಿಯುವವರೆಗೆ ನಾನೇ ಕಾದಿದ್ದೆ. ಅಂದು ಹಾಕಿದ ಬೀಗ ತೆಗೆದದ್ದು ಈ ಬೇಸಿಗೆಯ ಕೊನೆಗೆ, ರಿಪೇರಿಗೆಂದು. ಕಾದ ತಗಡಿನ ಮಾಡಿನ ಕೆಳಗೂ ಗಾಲಿಗಳ ಮೇಲಿನ ಆ ಪಂಪಿನ ಮೈ ತಣ್ಣಗೆ ಕೊರೆಯುತ್ತಿತ್ತು. ಬಿರಡೆ ಸಡಿಲಿಸಿದರೆ ನೀರು ಸುರಿಯತೊಡಗಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

"ಏನ್ ಅಳಿಯಂದಿರೇ, ಡಿಗ್ರಿ ಓದಿ ನೀರು ಬಸಿಯೋದೂ ಮರ್ತುಹೋಯ್ತಾ?" ಹಳೇ ಮೆಕ್ಯಾನಿಕ್ ಆದ ನನ್ನ ಮಾವ ನಕ್ಕರು. ನೀರು ಹೀರುವ ಪೈಪಿನ ಜಾಲರಿಗೆ ಕೈ ಹಾಕಿದವರೇ ನಗು ನಿಲ್ಲಿಸಿ, ಒಳಗೆ ಸಿಕ್ಕಿಕೊಂಡಿದ್ದನ್ನು ಹೊರಗೆಳೆದರು. ಎಡಗಾಲಿನ ಪುಟ್ಟ ಚಪ್ಪಲಿ. ಕಿತ್ತ ಪಟ್ಟಿಗೆ ಹಸಿರು ನೈಲಾನ್ ದಾರದ ಹೊಲಿಗೆ. ಬೆಳಿಗ್ಗೆಯಷ್ಟೇ ಮಗಳ ಚಪ್ಪಲಿಗೆ ನಾನು ಹಾಕಿಕೊಟ್ಟಿದ್ದ ಹೊಲಿಗೆ.

ಮಾವನ ಕೈಯಿಂದ ಅದನ್ನು ಕಿತ್ತುಕೊಂಡು ಮನೆಗೆ ಓಡಿದೆ. ಮಗಳು ಮೆಟ್ಟಿಲ ಮೇಲೆ ಕುಳಿತು ಕಾಲು ಆಡಿಸುತ್ತಿದ್ದಳು. ಎರಡೂ ಕಾಲಿಗೆ ಚಪ್ಪಲಿಗಳಿದ್ದವು. ಎಡಗಾಲಿನದಕ್ಕೆ ಹಸಿರು ಹೊಲಿಗೆ ಇತ್ತು.

"ಅಪ್ಪಾ, ಕೈಯಲ್ಲೇನು?"

"ಪಂಪಿನ ಸಾಮಾನು ಕಣಮ್ಮ," ಎಂದು ಬೆನ್ನ ಹಿಂದೆ ಅಡಗಿಸಿದೆ. ಅದರಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ಪಂಪಿನಲ್ಲಿ ಸಿಕ್ಕಿದ್ದೇನೆಂದು ಅವಳಮ್ಮನಿಗೆ ಇವತ್ತಿನವರೆಗೆ ನಾನೂ ಹೇಳಿಲ್ಲ, ಮಾವನೂ ಹೇಳಿಲ್ಲ.