ಮೆಟ್ಟಿಲ ತಿರುವಿನ ಪೆಟ್ಟಿಗೆ

"ಇದನ್ನ ತಗೋಬೇಡಿ," ಎಂದ ಅವನು.

ಅಂಗಡಿಯವನೊಬ್ಬ ತನ್ನದೇ ಸಾಮಾನನ್ನು ಬೇಡ ಎನ್ನುವುದನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಅನುಮಾನ ಶುರುವಾಗಿದ್ದೇ ಅಲ್ಲಿಂದ.

ಅನುಮಾನ ಅವಳ ಹೊಟ್ಟೆಪಾಡು. ವಿಮಾ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಕಾರು ಕಳುವಾಯಿತು, ಗೋದಾಮು ಸುಟ್ಟುಹೋಯಿತು ಎಂದು ಪರಿಹಾರ ಕೇಳುವವರನ್ನು ವೀಡಿಯೊ ಕಾಲ್‌ನಲ್ಲಿ ಮಾತಾಡಿಸಿ, ಯಾರು ನಿಜ ಹೇಳುತ್ತಿದ್ದಾರೆ, ಯಾರು ಬುರುಡೆ ಬಿಡುತ್ತಿದ್ದಾರೆ ಎಂದು ಪತ್ತೆ ಹಚ್ಚಬೇಕು. ಸಹೋದ್ಯೋಗಿಗಳು ಅವಳಿಗೆ 'ಸಂಶಯಪಿಶಾಚಿ' ಎಂದು ಹೆಸರಿಟ್ಟಿದ್ದರು. ಆ ಹೆಸರಿನ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ತೊಂದರೆ ಇದ್ದದ್ದು ಮನೆಯಲ್ಲಿ. ರೈಲಿನ ಹಾಗೆ ಉದ್ದಕ್ಕೆ ಹೋಗುವ ಮನೆ, ದಪ್ಪ ಗೋಡೆಗಳು. ರೂಟರ್ ಕೆಳಗಿನ ಹಾಲ್‌ನಲ್ಲಿ. ಅವಳ ಕೋಣೆ ಮಹಡಿಯ ಮೇಲೆ, ಎಲ್ಲಕ್ಕಿಂತ ಹಿಂದೆ. ಸುಳ್ಳು ಹೇಳುವವನು ತಡವರಿಸತೊಡಗಿದ ಹೊತ್ತಿಗೇ ಅವನ ಮುಖ ಪರದೆಯ ಮೇಲೆ ಅಲ್ಲಾಡದೆ ನಿಂತುಬಿಡುತ್ತಿತ್ತು. ಕಾಲ್ ಹೀಗೆ ಕಟ್ ಆಗುತ್ತಿದ್ದರೆ ಮನೆಯ ಕೆಲಸ ಸಾಕು, ಹೆಡ್ ಆಫೀಸಿಗೇ ಬಂದುಬಿಡಿ ಎಂದು ಮ್ಯಾನೇಜರ್ ಹೇಳಿಯಾಗಿತ್ತು. ಹೆಡ್ ಆಫೀಸ್ ಇದ್ದದ್ದು ಬೇರೆ ಊರಿನಲ್ಲಿ. ಇಲ್ಲಿ ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಇದ್ದಳು. ಮಂಡಿಯ ಆಪರೇಷನ್ ಆದಮೇಲೆ ಚಿಕ್ಕಮ್ಮನನ್ನು ಒಂಟಿಯಾಗಿ ಬಿಟ್ಟುಹೋಗುವ ಮಾತೇ ಇರಲಿಲ್ಲ.

ಅದಕ್ಕೇ ಅಂಗಡಿಗೆ ಫೋನ್ ಮಾಡಿ, ಜೇಡದ ಕಾಲುಗಳಂತೆ ಸುತ್ತಲೂ ಆಂಟೆನಾ ಚಾಚಿಕೊಂಡಿದ್ದ ಅತಿ ದುಬಾರಿ ರೂಟರನ್ನೇ ತರಿಸಿದ್ದಳು. ತಂದವನು ಡಬ್ಬ ಬಿಚ್ಚಲೇ ಇಲ್ಲ. ಒಮ್ಮೆ ಮನೆಯನ್ನು ನೋಡಿದ, ಇನ್ನೊಮ್ಮೆ ಅವಳನ್ನು ನೋಡಿದ.

"ಇದು ಜೋರಾಗಿ ಕೂಗತ್ತೆ, ನಿಜ. ಆದ್ರೆ ನಿಮ್ಮ ಲ್ಯಾಪ್‌ಟಾಪ್‌ಗೂ ಅಷ್ಟೇ ಜೋರಾಗಿ ಉತ್ತರ ಕೊಡೋಕೆ ಬರಬೇಕಲ್ಲ? ಒಂದು ದೊಡ್ಡದು ಬೇಡ. ಚಿಕ್ಕ ಪೆಟ್ಟಿಗೆಗಳ ಸೆಟ್ ಬರತ್ತೆ, ಮೆಶ್ ಅಂತಾರೆ. ಮನೆಯೆಲ್ಲ ಒಂದೇ ನೆಟ್. ಒಂದು ಪೆಟ್ಟಿಗೆ ಇನ್ನೊಂದಕ್ಕೆ ದಾಟಿಸತ್ತೆ."

"ಅಂದ್ರೆ ಒಂದರ ಬದಲು ಮೂರು ಮಾರ್ತೀರಿ."

"ನಿಮ್ಮ ಮನೆಗೆ ಎರಡು ಸಾಕು," ಎಂದು ನಕ್ಕ.

ನಗು ಚೆನ್ನಾಗಿತ್ತು. ಚೆನ್ನಾಗಿ ನಗುವವರನ್ನು ಅವಳು ಹೆಚ್ಚು ಹುಷಾರಾಗಿ ಗಮನಿಸುತ್ತಿದ್ದಳು.

ಎರಡನೆಯ ಪೆಟ್ಟಿಗೆ ಎಲ್ಲಿಡಬೇಕು? "ನನ್ನ ಕೋಣೇಲೇ ಇಡಿ, ನೆಟ್ ಬರದೇ ಇರೋದು ಅಲ್ಲೇ ಅಲ್ವಾ," ಎಂದಳು. ಅವನು ಬೇಡವೆಂದು ತಲೆಯಾಡಿಸಿದ. "ತನಗೇ ಸರಿಯಾಗಿ ಕೇಳಿಸದವರು ಮುಂದಿನವರಿಗೆ ಏನು ಹೇಳ್ತಾರೆ? ಸಿಗ್ನಲ್ ಇನ್ನೂ ಗಟ್ಟಿಯಾಗಿರೋ ಕಡೆ ಇಡಬೇಕು, ಮಧ್ಯದಾರೀಲಿ." ಆ ಜಾಗ ಹುಡುಕಲು ಅವನದೊಂದು ಪದ್ಧತಿ ಇತ್ತು. ವೈ-ಫೈ ಮೇಲೆಯೇ ಒಂದು ಕಾಲ್ ಮಾಡುತ್ತಿದ್ದ. ಮನೆಯವರು ಮಾತಾಡುತ್ತಾ ಕೋಣೆಯಿಂದ ಕೋಣೆಗೆ ನಡೆಯಬೇಕು. ದನಿ ಎಲ್ಲಿ ಒಡೆಯುತ್ತದೋ ಅಲ್ಲಿ ಅವನು "ನಿಲ್ಲಿ" ಎನ್ನುತ್ತಿದ್ದ.

"ಏನು ಮಾತಾಡಲಿ?" ಎಂದಳು, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಏನಾದ್ರೂ. ನಿಲ್ಲಿಸಬೇಡಿ ಅಷ್ಟೇ."

"ನನಗೆ ನಿಮ್ಮ ಮೇಲೆ ನಂಬಿಕೆ ಇಲ್ಲ."

"ಸ್ಪಷ್ಟವಾಗಿ ಕೇಳಿಸ್ತು. ಮುಂದೆ ನಡೀರಿ."

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಚಿಕ್ಕಮ್ಮ ಕಿಸಕ್ಕನೆ ನಕ್ಕಳು. ಇವಳು ಮೆಟ್ಟಿಲು ಹತ್ತುತ್ತಾ ತನ್ನ ಕೆಲಸದ ಬಗ್ಗೆ ಹೇಳಿದಳು. ಒಂದೇ ಸೋಫಾವನ್ನು ಬೇರೆ ಬೇರೆ ಮನೆಗಳಲ್ಲಿ ಸುಟ್ಟು ತೋರಿಸಿದ ಅಣ್ಣತಮ್ಮಂದಿರ ಕಥೆ ಹೇಳಿದಳು. ಕೆಳಗಿನಿಂದ ಅವನ ನಗು ಫೋನಿನಲ್ಲೂ ಬಂತು, ಮೆಟ್ಟಿಲ ಮೇಲೂ ಬಂತು. ತನ್ನ ಮಾತಿಗೆ ಯಾರಾದರೂ ಹೀಗೆ ನಕ್ಕು ಎಷ್ಟು ಕಾಲವಾಯಿತು ಎಂದು ಅವಳಿಗೆ ನೆನಪಾಗಲಿಲ್ಲ.

ಮೆಟ್ಟಿಲ ತಿರುವಿನಲ್ಲಿ, ಕಿಟಕಿಯ ಕೆಳಗಿನ ಪ್ಲಗ್‌ಗೆ ಎರಡನೆಯ ಪೆಟ್ಟಿಗೆ ಬಂತು. ಮಾರನೆಯ ದಿನ ಇನ್ನೊಮ್ಮೆ ನೋಡಿಬಿಡುತ್ತೇನೆ ಎಂದು ಬಂದು ಮತ್ತೆ ಮನೆಯೆಲ್ಲ ಸುತ್ತಿಸಿದ. ಈ ಸಲ ಚಿಕ್ಕಂದಿನ ಸುದ್ದಿಯನ್ನೆಲ್ಲ ಹೇಳಿಬಿಟ್ಟಳು. ಅವನು ಹೋದಮೇಲೆ, ಇದೆಲ್ಲ ಯಾಕೆ ಹೇಳಿದೆ ಎಂದು ತನ್ನನ್ನೇ ಬೈದುಕೊಂಡಳು.

ಕೆಲವು ದಿನ ನೆಟ್ ಬೆಣ್ಣೆಯ ಹಾಗೆ ಓಡಿತು. ಆಮೇಲೆ ಒಂದು ಮಧ್ಯಾಹ್ನ, ವಿಚಾರಣೆಯ ನಡುವೆ, ಪಟ್ಟನೆ ಹೋಯಿತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಬಂತು. ಮುಂದಿನ ವಿಚಾರಣೆಯಲ್ಲೂ ಅದೇ ಕಥೆ.

ಅವನು ಬಂದ, ಫೋನಿನಲ್ಲಿ ಏನೋ ನೋಡಿದ, ಕೆಳಗೆ ಚಿಕ್ಕಮ್ಮನ ಹತ್ತಿರ ಒಮ್ಮೆ ಹೋಗಿಬಂದ. ಮುಖ ಬಾಡಿತ್ತು. "ಪೆಟ್ಟಿಗೇಲೇ ದೋಷ ಇದೆ. ಬೇರೆ ಹಾಕ್ತೀನಿ," ಎಂದ. ಹೇಳುವಾಗ ಅವಳ ಕಣ್ಣು ತಪ್ಪಿಸಿ, ಕೈಯಲ್ಲಿದ್ದ ವೈರನ್ನು ಸುಮ್ಮನೆ ಸುತ್ತುತ್ತಿದ್ದ.

ಸುಳ್ಳು! ದಿನಬೆಳಗಾದರೆ ಸುಳ್ಳು ಕೇಳುವವಳು ಅವಳು. ಯಾವ ಸುಳ್ಳೂ ಹೀಗೆ ನೋಯಿಸಿರಲಿಲ್ಲ.

ಹೊಸ ಪೆಟ್ಟಿಗೆಗೂ ಅದೇ ರೋಗ. ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಅವನು ಚಿಕ್ಕಮ್ಮನ ಹೊಲಿಗೆ ಕೋಣೆಯಲ್ಲಿ ಪಿಸುಗುಡುತ್ತಿದ್ದ. ಇವಳು ಒಳಗೆ ಬಂದರೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಸಿಗ್ನಲ್ ಎಷ್ಟಿದೆ ಎಂದು ಕ್ಷಣಾರ್ಧದಲ್ಲಿ ತೋರಿಸುವ ಮೀಟರ್ ಅವನ ಫೋನಿನಲ್ಲೇ ಇತ್ತು. ಹಾಗಿದ್ದೂ ತನ್ನನ್ನು ಮಾತಾಡಿಸುತ್ತಾ ಮನೆಯೆಲ್ಲ ತಿರುಗಿಸಿದ್ದ. ಎಲ್ಲಕ್ಕಿಂತ ಮಿಗಿಲಾಗಿ, ತನ್ನ ಅಂಗಡಿಯಲ್ಲಿ ಕೂತೇ ಇವಳ ಮನೆಯ ಪೆಟ್ಟಿಗೆಯನ್ನು ನೋಡಿಕೊಳ್ಳುವ ಏರ್ಪಾಟು ಮಾಡಿಟ್ಟುಕೊಂಡಿದ್ದ.

ಇದರಿಂದ ಯಾರಿಗೆ ಲಾಭ? ಅವಳ ಕೆಲಸದಲ್ಲಿ ಮೊದಲು ಕೇಳುವ ಪ್ರಶ್ನೆಯೇ ಅದು. ನೆಟ್ ಕೆಟ್ಟಾಗಲೆಲ್ಲ ಮನೆಗೆ ಬರುವವನು ಒಬ್ಬನೇ.

ಮುಂದಿನ ವಿಚಾರಣೆಯಲ್ಲೂ ಕಾಲ್ ಕಟ್ ಆದರೆ ಸಾಮಾನು ಕಟ್ಟಿಕೊಳ್ಳಿ ಎಂದು ಮ್ಯಾನೇಜರ್ ಕಡ್ಡಿ ಮುರಿದ ಹಾಗೆ ಹೇಳಿದ. ಅಂದು ಸಂಜೆಯೇ ಅವಳು ಅಂಗಡಿಯವನನ್ನು ಕರೆಸಿ ಹಾಲ್‌ನಲ್ಲಿ ಎದುರು ಕೂರಿಸಿದಳು.

"ಅಂಗಡೀಲಿ ಕೂತು ನಮ್ಮ ಪೆಟ್ಟಿಗೆ ನಿಲ್ಲಿಸೋಕೆ ಆಗತ್ತಾ?"

"ಆಗತ್ತೆ. ಆದ್ರೆ ನಾನು ನಿಲ್ಲಿಸಿಲ್ಲ."

"ಮೀಟರ್ ಇತ್ತಲ್ಲ ನಿಮ್ಮ ಹತ್ರ. ನನ್ನನ್ನ ಯಾಕೆ ಮಾತಾಡಿಸ್ತಾ ಸುತ್ತಿಸಿದ್ರಿ?"

ಅವನ ಕಿವಿ ಕೆಂಪಾಯಿತು. "ಸಿಗ್ನಲ್ ಎಷ್ಟು ಬರ್ತಿದೆ ಅಂತ ಮೀಟರ್ ಹೇಳತ್ತೆ. ನಡೆಯೋವಾಗ ದನಿ ಒಡೆಯತ್ತಾ ಅಂತ ಹೇಳಲ್ಲ. ಮೊದಲ್ನೇ ದಿನ ಅದು ಬೇಕಿತ್ತು." ಮೆಲ್ಲಗೆ ಸೇರಿಸಿದ, "ಎರಡನೇ ದಿನ ಬೇಕಿರಲಿಲ್ಲ."

"ಮತ್ತೆ?"

"ನಿಮ್ಮ ಮಾತು ಕೇಳಬೇಕು ಅನ್ನಿಸ್ತು."

ಬೇರೆ ಯಾವ ಹೊತ್ತಿನಲ್ಲಾದರೂ ಆ ಮಾತಿಗೆ ಅವಳು ಕರಗಿಹೋಗುತ್ತಿದ್ದಳು. ಈಗ ಅದು ಸಿಕ್ಕಿಬಿದ್ದವನು ಹಚ್ಚುವ ಬೆಣ್ಣೆಯಂತೆ ಕೇಳಿಸಿತು. "ಪೆಟ್ಟಿಗೇಲಿ ದೋಷ ಇದೆ ಅಂದ್ರಲ್ಲ, ಅದು ನಿಜಾನಾ?"

ಅವನ ನೋಟ ಒಮ್ಮೆ ಹೊಲಿಗೆ ಕೋಣೆಯ ಕಡೆ ಹೋಗಿ ಬಂತು. "ಅದೊಂದನ್ನ ಕೇಳಬೇಡಿ."

"ಹಾಗಾದ್ರೆ ಇನ್ಮೇಲೆ ಬರಬೇಡಿ."

ಅವನು ಎದ್ದು ಹೋದ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ. ಜಗಳವಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ.

ವಿಚಾರಣೆಯ ಮಧ್ಯಾಹ್ನ ಅವಳು ತಯಾರಾಗಿದ್ದಳು. ಹೊಲಿಗೆ ಕೋಣೆಯ ಕಡೆ ಹೋಗಿಬಂದ ಅವನ ನೋಟ ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಹೊತ್ತಿಗೆ ಮುಂಚೆಯೇ ಲ್ಯಾಪ್‌ಟಾಪ್‌ನಲ್ಲಿ ಹಳೆಯ ವಿಚಾರಣೆಯೊಂದರ ರೆಕಾರ್ಡಿಂಗ್ ಹಾಕಿದಳು, ಮನೆಯವರಿಗೆ ಕಾಲ್ ಶುರುವಾಗಿದೆ ಎನ್ನಿಸಲಿ ಎಂದು. ಕೋಣೆಯ ಬಾಗಿಲು ಮುಂದೆ ಮಾಡಿ, ಬರಿಗಾಲಲ್ಲಿ ಬಂದು, ಮಹಡಿಯ ಬೀರುವಿನ ಪಕ್ಕ ಮರೆಯಾಗಿ ನಿಂತಳು. ಅಲ್ಲಿಂದ ಮೆಟ್ಟಿಲ ತಿರುವು ಚೆನ್ನಾಗಿ ಕಾಣುತ್ತಿತ್ತು. ಪೆಟ್ಟಿಗೆ ತಾನಾಗಿಯೇ ಆರಿದರೆ ಅದು ಅವನ ಕೈವಾಡ, ಸಂಶಯವೇ ಬೇಡ. ಹಾಗಾಗದಿರಲಿ ಎಂದು ತನ್ನ ಮನಸ್ಸು ಬೇಡುತ್ತಿರುವುದನ್ನು ಕಂಡು ಅವಳಿಗೆ ಗಾಬರಿಯಾಯಿತು.

ಕೆಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಚಿಕ್ಕಮ್ಮ ಮೆಟ್ಟಿಲು ಹತ್ತಿ ಬಂದಳು, ಕಂಬಿ ಹಿಡಿಯದೆ, ಸರಸರ ಎಂದು. ತಿರುವಿನಲ್ಲಿ ನಿಂತು ಮೇಲಿನ ದನಿಗೆ ಕಿವಿಗೊಟ್ಟಳು. ಆಮೇಲೆ ಬಗ್ಗಿ ಪ್ಲಗ್ ಎಳೆದಳು.

"ಚಿಕ್ಕಮ್ಮಾ!"

ಪ್ಲಗ್ ಚಿಕ್ಕಮ್ಮನ ಕೈಯಲ್ಲೇ ಉಳಿಯಿತು. ಕೊನೆಗೆ ಅವಳು ಮೆಟ್ಟಿಲ ಮೇಲೇ ಕೂತಳು.

"ನೀನು ಹೋಗಬೇಕು ಅಂತ ಮಾಡಿದೆ ಕಣೇ ಪುಟ್ಟಿ. ಹೆಡ್ ಆಫೀಸಿಂದ ಕರೀತಾನೇ ಇದಾರೆ, ದೊಡ್ಡ ಕೆಲಸ ಕೊಡ್ತೀವಿ ಅಂತಾರೆ. ನೀನು ಮಾತ್ರ ಚಿಕ್ಕಮ್ಮ, ಚಿಕ್ಕಮ್ಮನ ಕಾಲು ಅಂತ ಕೂತಿದೀಯ. ನನ್ನ ಕಾಲಿಗೆ ಏನಾಗಿದೆ? ನೋಡಿದೆಯಲ್ಲ ಈಗ, ಹೇಗೆ ಹತ್ತಿ ಬಂದೆ ಅಂತ! ಹೋಗು ಅಂತ ಬಾಯಿಬಿಟ್ಟು ಎಷ್ಟು ಸಲ ಹೇಳಿದೆ, ಕಿವಿಗೇ ಹಾಕ್ಕೊಳ್ಳಲಿಲ್ಲ ನೀನು."

ಅವಳಿಗೆ ಸಿಟ್ಟು ಬರಬೇಕಿತ್ತು. ಕಣ್ಣಲ್ಲಿ ನೀರು ಬಂತು. "ಅವರಿಗೆ ಗೊತ್ತಿತ್ತಾ?"

"ನೆಟ್ ಹೋಯ್ತು ಅಂತ ಮೊದಲ್ನೇ ಸಲ ಬಂದಾಗಲೇ ಗೊತ್ತಾಯ್ತು. ಯಾರೋ ಕರೆಂಟ್ ತೆಗೀತಿದಾರೆ ಅಂತ ಅವರ ಫೋನಲ್ಲಿ ಕಾಣತ್ತಂತೆ. ನೇರ ನನ್ನ ಹತ್ರ ಬಂದು ಕೇಳಿದ್ರು. ನಾನೇ ಕೈ ಹಿಡ್ಕೊಂಡು, ಹೇಳಬೇಡಪ್ಪ ಅಂದೆ. ನೀವೇ ಹೇಳಿಬಿಡಿ, ನೀವೇ ಹೇಳಿಬಿಡಿ ಅಂತ ಬಂದಾಗಲೆಲ್ಲ ಗೋಗರೀತಿದ್ರು ಪಾಪ." ಚಿಕ್ಕಮ್ಮ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದಳು. "ನೀನು ಹೊರಗೆ ಹಾಕಿದಾಗಲೂ ನನ್ನ ಹೆಸರು ಎತ್ತಲಿಲ್ಲ."

ವಿಚಾರಣೆ ಸಾಂಗವಾಗಿ ನಡೆಯಿತು. ಸುಳ್ಳುಗಾರ ತಡವರಿಸಿದ, ಬೆವರಿದ, ಒಪ್ಪಿಕೊಂಡ. ಪರದೆ ಒಮ್ಮೆಯೂ ಅಲುಗಲಿಲ್ಲ. ಅವಳ ಗಮನ ಮಾತ್ರ ಅರ್ಧ ಅಲ್ಲಿರಲಿಲ್ಲ. ಅವನು ಸುಳ್ಳು ಹೇಳಿದ ಎಂದು ಹಿಡಿದದ್ದು ಸರಿಯಾಗಿತ್ತು. ಯಾಕೆ ಹೇಳಿದ ಎನ್ನುವುದರಲ್ಲಿ ಪೂರ್ತಿ ಎಡವಿದ್ದಳು.

ಸಂಜೆ ಅಂಗಡಿಗೆ ಹೋದಳು. ಚಿಕ್ಕ ಅಂಗಡಿ, ವೈರಿನ ಸುರುಳಿಗಳ ನಡುವೆ ಅವನು ಯಾವುದೋ ರೂಟರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಮತ್ತೆ ಹೋಯ್ತಾ?"

"ಇಲ್ಲ. ಚಿಕ್ಕಮ್ಮ ಸಿಕ್ಕಿಬಿದ್ರು." ಅವಳು ಸ್ಟೂಲ್ ಎಳೆದುಕೊಂಡು ಕೂತಳು. "ನನ್ನಿಂದ ತಪ್ಪಾಯ್ತು. ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಆದ್ರೆ ನೀವು ಯಾಕೆ ಹೇಳಲಿಲ್ಲ? ಚಿಕ್ಕಮ್ಮ ಬೇಡ ಅಂದ್ರು ಅಂತಾನಾ?"

"ಅದೂ ಒಂದು."

"ಇನ್ನೊಂದು?"

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಈ ಸಲ ಕಣ್ಣು ತಪ್ಪಿಸಲಿಲ್ಲ. "ಹೇಳಿದ್ರೆ ನೀವು ಇಲ್ಲೇ ಉಳೀತೀರ. ನೀವು ಉಳೀಬೇಕು ಅಂತ ನನಗೆ ತುಂಬಾ ಆಸೆ. ಹಾಗಿರುವಾಗ ನಾನು ಬಾಯಿಬಿಟ್ರೆ ಅದು ನಿಮಗೋಸ್ಕರಾನಾ, ನನಗೋಸ್ಕರಾನಾ? ನನಗೇ ಡೌಟ್ ಬಂತು. ದೊಡ್ಡ ಕೆಲಸ ಬಿಟ್ಟು ನೀವು ಇಲ್ಲಿ ಇರೋ ಹಾಗೆ ಮಾಡಿ, ಆಮೇಲೆ ನಾನು ಹೇಗೆ ನಿಮ್ಮ ಮುಖ ನೋಡಲಿ?"

ಹೊರಗೆ ಬೀದಿದೀಪ ಹತ್ತಿತು. ಅವಳು ಸ್ಟೂಲನ್ನು ಅವನ ಕಡೆ ಇನ್ನಷ್ಟು ಎಳೆದುಕೊಂಡಳು.

"ಮ್ಯಾನೇಜರ್ ಇವತ್ತೂ ಕೇಳಿದ್ರು. ಕಾಲ್ ಸರಿಯಾಯ್ತು, ನೀವು ಮನೇಲೇ ಇದ್ರೂ ಸರಿ; ಹೆಡ್ ಆಫೀಸಿಗೆ ಬಂದ್ರೆ ಮಾತ್ರ ದೊಡ್ಡ ಕೆಲಸ, ಅಂದ್ರು. ಚಿಕ್ಕಮ್ಮನೂ ಹೋಗು ಅಂತಿದಾರೆ. ಅಂದ್ರೆ ಈಗ ನನಗೆ ಯಾರ ನೆಪವೂ ಇಲ್ಲ."

"ಯಾವಾಗ ಹೊರಡ್ತೀರಿ?" ಎಂದ, ತುಂಬ ಮೆಲ್ಲಗೆ.

"ಬರಲ್ಲ ಅಂದೆ."

"ಯಾಕೆ?"

"ಗೊತ್ತಾಗಲಿಲ್ವಾ?"

"ನೀವೇ ಹೇಳಿ. ನಾನು ಏನೋ ಅಂದ್ಕೊಂಡು ಅದು ತಪ್ಪಾದ್ರೆ ಕಷ್ಟ."

"ನನಗೆ ಇಲ್ಲೇ ಇರೋ ಆಸೆ. ಒಬ್ಬರು ಇದಾರೆ, ಅವರ ಜೊತೆ ಮಾತಾಡ್ತಾ ಇದ್ರೆ ನಿಲ್ಲಿಸೋಕೆ ಮನಸ್ಸೇ ಬರಲ್ಲ. ನಿಮಗೆ ನಾನು ಇಷ್ಟ ಅಂತ ನಿಮ್ಮ ಬಾಯಲ್ಲೇ ಕೇಳಿದೆ. ನನಗೂ ನೀವು ಇಷ್ಟ. ಬಹಳ ಇಷ್ಟ."

ಅವನ ಹುಬ್ಬು ಗಂಟಿಕ್ಕಿತು. ನೋಟು ಖೋಟಾ ಇರಬಹುದೇ ಎಂದು ಬೆಳಕಿಗೆ ಹಿಡಿದು ನೋಡುವವನಂತೆ ಅವಳ ಕಡೆ ಕೊಂಚ ಬಾಗಿದ.

"ತಪ್ಪು ತಿಳ್ಕೊಂಡಿದ್ದಕ್ಕೆ ಬೇಜಾರಾಗಿ ಹೀಗಂತಿದೀರಾ?"

"ಅಲ್ಲ."

"ಚಿಕ್ಕಮ್ಮ ಹೇಳಿಕೊಟ್ಟು ಕಳಿಸಿದ್ರಾ?"

"ಅಯ್ಯೋ, ಅಲ್ಲ!"

"ನಾಳೆ ಬೆಳಗ್ಗೆ ಎದ್ದು ಮನಸ್ಸು ಬದಲಾಯಿಸಿದ್ರೆ?"

ಅವಳಿಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಎದುರು ಕೂತವರನ್ನೆಲ್ಲ ಹೀಗೇ ಕೆದಕಿ ಕೇಳಿದವಳು ಅವಳು. ನಿಜ ಹೇಳಿಯೂ ನಂಬಿಸಲಾಗದೆ ಪರದಾಡುವುದು ಎಂದರೇನೆಂದು ಈಗ ಮೊದಲ ಸಲ ಗೊತ್ತಾಯಿತು.

"ಸುಳ್ಳು ಹೇಳೋರು ಹೇಗಿರ್ತಾರೆ ಅಂತ ನನಗೆ ಗೊತ್ತು," ಎಂದಳು. "ಕಣ್ಣು ತಪ್ಪಿಸ್ತಾರೆ, ಕೈ ಸುಮ್ಮನಿರಲ್ಲ. ಬೇಕಾದ್ರೆ ಪರೀಕ್ಷೆ ಮಾಡಿಕೊಳ್ಳಿ."

ಹಾಗೆಂದು ಎರಡೂ ಕೈಗಳನ್ನು ಚಾಚಿ ಅವನ ಕೈಗಳಲ್ಲಿಟ್ಟಳು. ಅವನು ನೋಡಿದ. ನಾಚಿಕೆಯಿಂದ ಮುಖ ಬಿಸಿಯಾದರೂ ಅವಳು ಕಣ್ಣು ಕೆಳಗೆ ಮಾಡಲಿಲ್ಲ. ಅವನ ಹುಬ್ಬಿನ ಗಂಟು ಪೂರ್ತಿ ಬಿಚ್ಚುವವರೆಗೂ ಹಾಗೇ ಕೂತಿದ್ದಳು.