ಗ್ರೇ ಬಾಕ್ಸ್ ಬೀಜದ ಕಳ್ಳ

ಫೆಬ್ರವರಿ 9, ಸೋಮವಾರ, ಬೆಳಿಗ್ಗೆ 9.10. ಅಡಿಲೇಡ್ ಬೆಟ್ಟಸಾಲಿನ ಪುಟ್ಟ ಠಾಣೆಗೆ ಗ್ವೆಂಡಾ ಪ್ಯಾಸ್ಕೋ, ಯಾರೋ ಕೊಯ್ದು ಬೀಜದ ಕಾಯಿಗಳನ್ನು ಕಿತ್ತುಕೊಂಡಿದ್ದ ಕೊಂಬೆಯ ತುಂಡೊಂದನ್ನು ಹಿಡಿದು ಬಂದಳು. ಸಂರಕ್ಷಿತ ಉದ್ಯಾನದಲ್ಲಿ ಇಪ್ಪತ್ತು ವರ್ಷಗಳಿಂದ ಕಳೆ ಕೀಳುತ್ತಿರುವ ಸ್ವಯಂಸೇವಕರಿಗೆ ಅವಳೇ ಮುಖ್ಯಸ್ಥೆ.

"ಬೀಜ ಕದೀತಿದಾರೆ, ರೋವೀನಾ. ಗ್ರೇ ಬಾಕ್ಸ್ ಮರದ್ದು. ಈ ಸುತ್ತಮುತ್ತ ಉಳಿದಿರೋ ಹಳೇ ನೀಲಗಿರಿ ಕಾಡು ಅಂದ್ರೆ ಅದೊಂದೇ. ಬರ್ಕೊಳಮ್ಮ."

ಸಾರ್ಜೆಂಟ್ ರೋವೀನಾ ಟಿಲ್‌ಬ್ರುಕ್ ಬರೆದುಕೊಂಡಳು. ಗ್ವೆಂಡಾ ಎದುರು ಕುಳಿತಾಗ ಬೇರೆ ದಾರಿಯಿರಲಿಲ್ಲ. ದೂರು ದಾಖಲಾಯಿತು.

10.30ಕ್ಕೆ ಸ್ಥಳ ಪರಿಶೀಲನೆ. ಕಾನ್‌ಸ್ಟೇಬಲ್ ಡಿನ್ ಏಣಿ ಹತ್ತಿದ.

"ಒಂದು ಮರದಿಂದ ಒಂದೇ ಕೊಂಬೆ, ಸಾರ್ಜೆಂಟ್. ಗಾಯದಲ್ಲಿ ನೀರು ನಿಲ್ಲದ ಹಾಗೆ ಓರೆಯಾಗಿ ಕೊಯ್ದಿದಾನೆ."

"ಮಾರೋನು ಇಷ್ಟು ನಾಜೂಕು ಮಾಡಲ್ಲ. ಇವನು ಬೆಳೆಸೋನು. ಹಾಲಿನ ಕಾರ್ಟನ್ ಯಾರು ಕೂಡಿಡ್ತಿದಾರೆ, ಕೇಳು."

ಊರಲ್ಲಿ ಎಲ್ಲರೂ ಸಸಿ ಎಬ್ಬಿಸುವುದು ಹಾಲು ಬರುವ ರಟ್ಟಿನ ಖಾಲಿ ಕಾರ್ಟನ್ನಿನಲ್ಲೇ. ಡಿನ್ ಬೇಕರಿಯಲ್ಲಿ ಮಾಂಸದ ಪೈ ತಿನ್ನುತ್ತಲೇ ವಿಚಾರಿಸಿದ. ಅಲ್ಲಿಂದ ವಾರಕ್ಕೆ ಎರಡು ಚೀಲ ಕಾರ್ಟನ್ ಒಯ್ಯುವವನು ಒಬ್ಬನೇ: ಎಂಬತ್ತೆರಡರ ರೈತ ಮರ್ವಿನ್ ನೋಸ್ಕೆ.

ಮಧ್ಯಾಹ್ನ 2.15, ನೋಸ್ಕೆಯ ಹೊಲ. ಸಾಕ್ಷಿಯಾಗಿ ಗ್ವೆಂಡಾಳೇ ಬಂದಿದ್ದಳು, ಬೇಡವೆಂದರೆ ಕೇಳುವವಳಲ್ಲ. ನಲವತ್ತೊಂದು ಡಿಗ್ರಿ ಬಿಸಿಲು. ಹಿತ್ತಲಿನ ನೆರಳುಬಲೆಯ ಕೆಳಗೆ, ಸಾಲು ಸಾಲು ಕಾರ್ಟನ್ನುಗಳಲ್ಲಿ ಬೆರಳುದ್ದದ ಸಸಿಗಳು.

"ಬೀಜ ಎಲ್ಲೀದು, ಮರ್ವಿನ್?" ರೋವೀನಾ ಕೇಳಿದಳು.

"ಉದ್ಯಾನದ್ದು. ನಾನೇ ಕೊಯ್ದೆ."

"ಪರವಾನಗಿ?"

"ಇಲ್ಲ."

"ಕೇಳಿದ್ರೆ ನಾನೇ ಕೊಡಿಸ್ತಿದ್ನಲ್ಲೋ, ಮುದಿಗೂಬೆ," ಎಂದಳು ಗ್ವೆಂಡಾ.

"ಫಾರಂ ತಂದಿದ್ದೆ. ಯಾಕೆ ಬೇಕು ಅಂತ ಒಂದು ಕಾಲಂ ಇತ್ತು. ತುಂಬೋಕೆ ಆಗ್ಲಿಲ್ಲ."

ಮರ್ವಿನ್ ತನ್ನ ಬೋಳು ಹೊಲದತ್ತ ನೋಡಿದ. ಹದಿನೇಳರ ವಯಸ್ಸಿನಲ್ಲಿ ಅಪ್ಪನ ಜೊತೆ ಸೇರಿ, ಎರಡು ಟ್ರ್ಯಾಕ್ಟರುಗಳ ನಡುವೆ ಸರಪಳಿ ಬಿಗಿದು, ಅಲ್ಲಿದ್ದ ಕಾಡನ್ನು ಒಂದೇ ವಾರದಲ್ಲಿ ಉರುಳಿಸಿದ್ದ.

"ಇನ್ನೂರ ಹದಿನಾರು ಮರ. ಅವತ್ತು ಹೆಮ್ಮೆಯಿಂದ ಎಣಿಸಿದ್ದೆ. ಇಲ್ಲಿರೋದೂ ಅಷ್ಟೇ. ಮೇ ಮಳೆಗೆ ನೆಡಬೇಕು ಅಂತಿದ್ದೆ. ತಗೊಂಡು ಹೋಗ್ತೀರಾ?"

ರೋವೀನಾ ಸಸಿಗಳನ್ನು ಸಾಲು ಸಾಲಾಗಿ ಎಣಿಸಿದಳು. ಕದ್ದ ಮಾಲು ಠಾಣೆಗೆ ಹೋಗಬೇಕು. ಠಾಣೆಯ ತಗಡಿನ ಕೋಣೆಯಲ್ಲಿ ಈ ಸಸಿಗಳು ಎರಡು ದಿನವೂ ಬದುಕುವುದಿಲ್ಲ. 2.50ಕ್ಕೆ ಅವನನ್ನು ಕ್ರಮಪ್ರಕಾರ ಬಂಧಿಸಿದಳು. ಆಮೇಲೆ ಕಾರಿನ ಬಾನೆಟ್ ಮೇಲೆ ಪಂಚನಾಮೆ ಬರೆದಳು: "ಸಸಿಗಳು 216, ಜಪ್ತಿ. ಸಾಗಿಸಲು ಯೋಗ್ಯವಲ್ಲದ ಕಾರಣ ಸ್ಥಳದಲ್ಲೇ ಆರೋಪಿಯ ವಶಕ್ಕೆ ಬಿಡಲಾಗಿದೆ. ಮುಂದಿನ ಆದೇಶದವರೆಗೆ ದಿನಕ್ಕೆರಡು ಸಲ ನೀರು ಹಾಕತಕ್ಕದ್ದು."

ಗ್ವೆಂಡಾ ಅದನ್ನು ಎರಡೆರಡು ಸಲ ಓದಿ ಸಹಿ ಹಾಕಿದಳು. "ಇವತ್ತು ಸಂಜೆ ಇವನು ಠಾಣೇಲಿರ್ತಾನಲ್ಲ," ಎಂದು ಗೊಣಗುತ್ತಾ ನೀರಿನ ಪೈಪು ಹುಡುಕಲು ಹೋದಳು.

ಬಂಧನದ ಹಾಳೆಯಲ್ಲೂ ಉದ್ದೇಶವೇನೆಂಬ ಕಾಲಂ ಇತ್ತು. ಅದನ್ನು ರೋವೀನಾಳೇ ತುಂಬಿದಳು: ಉರುಳಿಸಿದ ಮರಗಳನ್ನು ವಾಪಸು ಇಡಲು.